ಊರಿನ ಹಿರಿಯರ ಗುಳಿಗೆಯೂ ಸಂಘದ ಕೆಲಸವೇ
(ದುವ್ವಾಡದಲ್ಲಿ ನಡೆದ ಕನ್ನಡ ಹೋಟೆಲು ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಹೋಟೆಲಿನ ಬಾಗಿಲು ಹಾಕಿ, ತೊಳೆದ ಕೈ ಒಣಗುವ ಮೊದಲೇ ನೀವೆಲ್ಲ ಬಂದಿದ್ದೀರಿ. ಹೆಚ್ಚು ಹೊತ್ತು ಕೂರಿಸುವುದಿಲ್ಲ. ನಮ್ಮ ಸಭೆಗಳಲ್ಲಿ ಸಂಬಳ, ರಜೆ, ಬೋನಸ್ಸಿನ ಮಾತು ನಡೆಯುತ್ತದೆ. ಇಂದು ಊರಿನಲ್ಲಿ ನಾವು ಬಿಟ್ಟುಬಂದ ತಂದೆತಾಯಿಗಳ ಮಾತು ಆಡಬೇಕಾಗಿದೆ.

ವಿಶಾಖಪಟ್ಟಣದ ಒಳಗೆ ಹೋಗದ ಎಷ್ಟೋ ದೂರದ ಗಾಡಿಗಳು ಈ ದುವ್ವಾಡದಲ್ಲಿ ನಿಂತು ಹೋಗುತ್ತವೆ. ಗಾಡಿ ಇಳಿದವರಿಗೆ, ಉಕ್ಕಿನ ಕಾರ್ಖಾನೆಯ ಪಾಳಿ ಮುಗಿಸಿ ಬಂದವರಿಗೆ ಬಿಸಿ ಇಡ್ಲಿ ಕೊಡುವುದು ನಮ್ಮ ಕೈ. ಆದರೆ ಕುಂದಾಪುರ, ಬೈಂದೂರು ಕಡೆಯ ನಮ್ಮ ಮನೆಗಳಲ್ಲಿ ಹಿರಿಯರಿಗೆ ಹೊತ್ತಿಗೆ ಗುಳಿಗೆ ಕೊಡುವ ಕೈ ಇಲ್ಲ. ಇದು ನಮ್ಮೊಬ್ಬರ ಕಥೆಯಲ್ಲ. 2011ರ ಜನಗಣತಿಯಲ್ಲಿ ದೇಶದಲ್ಲಿ ಅರವತ್ತು ದಾಟಿದವರು ಸುಮಾರು 10.4 ಕೋಟಿ. ಅವರಲ್ಲಿ 7.3 ಕೋಟಿ ಮಂದಿ ಹಳ್ಳಿಗಳಲ್ಲಿದ್ದರು.

ನನ್ನ ತಾಯಿಯ ವಿಷಯ ಹೇಳುತ್ತೇನೆ. ಆಕೆಗೆ ರಕ್ತದೊತ್ತಡವಿತ್ತು. ತಿಂಗಳಿಗೊಮ್ಮೆ ಬಸ್ಸು ಹತ್ತಿ ಗುಳಿಗೆ ತರಲು ಕಾಲು ನೋವು. ಅದಕ್ಕೆ ಒಂದು ಗುಳಿಗೆಯನ್ನು ಎರಡು ತುಂಡು ಮಾಡಿ ಎರಡು ದಿನ ನುಂಗುತ್ತಿದ್ದಳು. ಆಸ್ಪತ್ರೆಯ ಕಾರ್ಡು ಮಾಡಿಸಲು ಒಂದು ದಿನ ಹೋದಳು. ಆಧಾರಕ್ಕೆ ಸೇರಿಸಿದ್ದು ನನ್ನ ಫೋನಿನ ನಂಬರು. ಗುಪ್ತ ಸಂಖ್ಯೆ ಬಂದದ್ದು ದುವ್ವಾಡಕ್ಕೆ. ನಾನು ಮಧ್ಯಾಹ್ನದ ಊಟದ ಗದ್ದಲದಲ್ಲಿದ್ದೆ, ಫೋನು ಗಲ್ಲದ ಡ್ರಾಯರಿನಲ್ಲಿತ್ತು. “ಮಗಾ, ನಂಬರು ಬಂತಾ?” ಎಂದು ಕೇಳಲು ಆಕೆ ನಾಲ್ಕು ಸಲ ಯಾರದ್ದೋ ಫೋನಿನಿಂದ ಕರೆದಿದ್ದಳಂತೆ. ಕಾರ್ಡಿಲ್ಲದೆ ಮನೆಗೆ ಹೋದಳು.

ಕೆಲವು ವಾರದ ಮೇಲೆ ಒಂದು ಸಂಜೆ ಬಲಗೈ ಸೋತಿತು, ಮಾತು ತೊದಲಿತು. ಕಾರ್ಡಿಲ್ಲ, ಹೋದರೆ ದುಡ್ಡು ಕೇಳುತ್ತಾರೆ ಎಂದು ಹೆದರಿ ಬೆಳಗಿನ ತನಕ ಮಲಗಿದಳು. ಜೀವ ಉಳಿಯಿತು. ಆ ಕೈ ಇಂದಿಗೂ ತುತ್ತು ಎತ್ತುವುದಿಲ್ಲ.

ತಪ್ಪು ಯಾರದು? ಕೌಂಟರಿನವರನ್ನು, ಮಾಲೀಕರನ್ನು ಬೈಯಬಹುದು. ಆದರೆ ನನ್ನ ತಾಯಿಗೆ ಮೂರು ವಿಷಯ ಗೊತ್ತಿರಲಿಲ್ಲ, ನಾನು ಹೇಳಿರಲಿಲ್ಲ.

ಮೊದಲನೆಯದು, 108ರ ಗಾಡಿಗೆ ಕಾರ್ಡೂ ಬೇಡ, ಹಣವೂ ಬೇಡ. ಆಂಧ್ರದಲ್ಲಿ ಅದು 2005ರಲ್ಲಿ, ಕರ್ನಾಟಕದಲ್ಲಿ 2008ರಲ್ಲಿ ಆರಂಭವಾಯಿತು. ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೈ ಸೋತರೆ, ಅದನ್ನು ಕರಗಿಸುವ ಔಷಧಿಯನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಬೆಳಗಾಗುವ ತನಕ ಕಾಯುವ ರೋಗವಲ್ಲ ಅದು.

ಎರಡನೆಯದು, ಕಾರ್ಡು ಇರುವುದು ಆಸ್ಪತ್ರೆಯಲ್ಲಿ ಮಲಗಿ ಪಡೆಯುವ ಚಿಕಿತ್ಸೆಗೆ. ಕರ್ನಾಟಕದಲ್ಲಿ 2018ರ ಯೋಜನೆಯಲ್ಲಿ ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ನೆರವು. ಎಪ್ಪತ್ತು ದಾಟಿದ ಎಲ್ಲರಿಗೂ ಎಂದು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಆರಂಭಿಸಿದ ಯೋಜನೆಯೂ ಇದೆ. ಜಾರಿಯ ರೀತಿ ರಾಜ್ಯ ರಾಜ್ಯಕ್ಕೆ ಬೇರೆ. ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮುಂಚೆಯೇ ಕೇಳಿ ಇಟ್ಟುಕೊಳ್ಳಬೇಕು.

ಮೂರನೆಯದು, ದಿನದ ಗುಳಿಗೆಗೆ ಆ ಕಾರ್ಡು ಬೇಡ. ಒತ್ತಡ, ಸಕ್ಕರೆಯ ಗುಳಿಗೆ ಕೊಡುವುದು ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಕೆಲಸ. ಬಯಲಿನಲ್ಲಿ ಮೂವತ್ತು ಸಾವಿರ, ಗುಡ್ಡಗಾಡಿನಲ್ಲಿ ಇಪ್ಪತ್ತು ಸಾವಿರ ಜನಕ್ಕೆ ಒಂದು ಕೇಂದ್ರವೆಂದು ಲೆಕ್ಕ. ಲೆಕ್ಕ ಜನರನ್ನು ಎಣಿಸುತ್ತದೆ, ಮುದುಕಿಯ ಮನೆಯಿಂದ ಬಸ್ಸಿನ ದಾರಿಯನ್ನು ಎಣಿಸುವುದಿಲ್ಲ. ಅದಕ್ಕೇ ಊರಿನ ಆಶಾ ಕಾರ್ಯಕರ್ತೆಯ ಪರಿಚಯ ನಮಗಿರಬೇಕು. ಹಿರಿಯರಿಗೆ ಆಸ್ಪತ್ರೆಯಲ್ಲಿ ಬೇರೆ ಸಾಲು ಇರಬೇಕೆಂದು 2007ರ ಹಿರಿಯ ನಾಗರಿಕರ ಕಾಯಿದೆ ಹೇಳುತ್ತದೆ. ಅದು ದಯೆಯಲ್ಲ, ಹಕ್ಕು.

ನಮ್ಮಲ್ಲಿ ಇ.ಎಸ್.ಐ. ಕಟ್ಟುವವರು ಇನ್ನೊಂದು ತಿಳಿಯಬೇಕು. ನಮ್ಮನ್ನೇ ನಂಬಿರುವ, ಸ್ವಂತ ಆದಾಯ ಗೊತ್ತಾದ ಮಿತಿಯೊಳಗಿರುವ ತಂದೆತಾಯಿಗಳಿಗೂ ಅದರಲ್ಲಿ ಚಿಕಿತ್ಸೆಯಿದೆ. ಅವರ ಹೆಸರು ಬರೆಸಿದ್ದೀರಾ? ಕೈ ಎತ್ತಿ ನೋಡೋಣ. ಇಷ್ಟೇ ಕೈಗಳೇ!

ಆದ್ದರಿಂದ ಸಂಘದ ಮುಂದೆ ನನ್ನ ಸೂಚನೆ ಇಷ್ಟು. ಪ್ರತಿ ಸದಸ್ಯನ ತಂದೆತಾಯಿಯ ಊರು, ಕಾಯಿಲೆ, ಗುಳಿಗೆಯ ವಿವರ ಒಂದು ಪುಸ್ತಕದಲ್ಲಿರಲಿ. ರಜೆಗೆ ಊರಿಗೆ ಹೋಗುವವನು ತನ್ನ ಮನೆಯ ಜೊತೆ ಹತ್ತಿರದ ಇನ್ನೆರಡು ಮನೆಗೂ ಹೋಗಿ, ಗುಳಿಗೆ ಇದೆಯೇ, ಕಾರ್ಡು ಆಯಿತೇ ಎಂದು ನೋಡಿ ಬರಲಿ. ಆಧಾರಕ್ಕೆ ಊರಿನಲ್ಲೇ ಇರುವ ನಂಬಿಕೆಯವರ ನಂಬರು ಹಾಕಿಸಲಿ. ಮನೆಯಿಂದ ಕರೆ ಬಂದರೆ ಕೆಲಸದ ಹೊತ್ತಿನಲ್ಲೂ ತಿಳಿಸಬೇಕೆಂದು ಮಾಲೀಕರನ್ನು ನಾವೆಲ್ಲ ಒಟ್ಟಾಗಿ ಕೇಳೋಣ.

ನಮ್ಮ ಜೊತೆ ಪಾತ್ರೆ ತೊಳೆಯುವ ಶ್ರೀಕಾಕುಳಂ ಹುಡುಗರ ಹೆಸರೂ ಆ ಪುಸ್ತಕದಲ್ಲಿರಲಿ. ಅವರ ಉದ್ದಾನಂ ಸೀಮೆಯಲ್ಲಿ ಮೂತ್ರಪಿಂಡದ ಕಾಯಿಲೆ ಮನೆಮನೆಯನ್ನು ತಿಂದಿದೆ. ಭಾಷೆ ಬೇರೆಯಾದರೂ ಅವರೂ ತಾಯಿಯನ್ನು ಬಿಟ್ಟು ಬಂದವರೇ.

ತಿಂಗಳು ತಿಂಗಳು ಹಣ ಕಳಿಸಿದ್ದೇನೆ, ನನ್ನ ಕರ್ತವ್ಯ ಮುಗಿಯಿತು ಎಂದು ನಾನು ತಿಳಿದಿದ್ದೆ. ನಿಮಗೆ ಆ ತಪ್ಪು ಆಗದಿರಲಿ. ಪುಸ್ತಕ ಇಲ್ಲೇ ಮೇಜಿನ ಮೇಲಿದೆ. ಹೆಸರು ಬರೆಸಿಯೇ ಹೋಗಿ.