ಒತ್ತಡ ಸರಿಯಿದ್ದರೆ ಕಣ್ಣು ಸರಿಯೇ?



ನಾನು ವೈದ್ಯನಲ್ಲ, ಕಂಪ್ಯೂಟರ್ ಕೆಲಸದವನು. ಆದರೂ ಇಂದು ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಯ ಬಗ್ಗೆ, ಅದರಲ್ಲೂ ದಕ್ಷಿಣ ಕೊರಿಯಾದ ಜನರಲ್ಲಿ ಅದು ಕಂಡ ಬಗೆಯ ಕುರಿತು ನಾಲ್ಕು ಮಾತು ಹೇಳಬಯಸುತ್ತೇನೆ.

ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿ ನರದಲ್ಲಿ ಹತ್ತು ಲಕ್ಷದಷ್ಟು ಸೂಕ್ಷ್ಮ ಎಳೆಗಳಿವೆ. ಗ್ಲಾಕೋಮಾದಲ್ಲಿ ಈ ಎಳೆಗಳು ಒಂದೊಂದಾಗಿ ಸಾಯುತ್ತವೆ. ಸಾಮಾನ್ಯವಾಗಿ ನೋವಿಲ್ಲ, ಕೆಂಪಿಲ್ಲ. ಮೊದಲು ಅಂಚಿನ ನೋಟ ಮಾಸುತ್ತದೆ, ನಡುವಿನ ನೋಟ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಗೋಡೆಯ ಮೇಲಿನ ಅಕ್ಷರಗಳನ್ನು ಸರಾಗವಾಗಿ ಓದುವವರಿಗೂ ಈ ಕಾಯಿಲೆ ಇರಬಹುದು.

ಕಣ್ಣೊಳಗಿನ ಒತ್ತಡ ಹೆಚ್ಚಾದರೆ ಮಾತ್ರ ಗ್ಲಾಕೋಮಾ ಎಂಬುದು ಹಳೆಯ ನಂಬಿಕೆ. 10ರಿಂದ 21 ಮಿಲಿಮೀಟರ್ ಪಾದರಸದವರೆಗಿನ ಒತ್ತಡವನ್ನು ಸಹಜ ಎನ್ನುತ್ತಾರೆ. ಜಿನ್ಸೆಂಗ್ ಬೆಳೆಗೆ ಹೆಸರಾದ ಗುಮ್ಸಾನ್ ಜಿಲ್ಲೆಯ ನಮಿಲ್ ಎಂಬ ಗ್ರಾಮೀಣ ಪ್ರದೇಶದಲ್ಲಿ 2007–08ರಲ್ಲಿ 40 ದಾಟಿದ ಸುಮಾರು 1,500 ಮಂದಿಯ ಕಣ್ಣು ಪರೀಕ್ಷಿಸಿದರು. ನೂರಕ್ಕೆ ಮೂರೂವರೆ ಮಂದಿಯಲ್ಲಿ ಸಾಮಾನ್ಯ ಬಗೆಯ ಗ್ಲಾಕೋಮಾ ಕಂಡಿತು. ಅವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ಒತ್ತಡ 21ರ ಒಳಗೇ ಇತ್ತು! ಜಪಾನಿನ ತಜಿಮಿ ಊರಿನಲ್ಲೂ ಅದಕ್ಕೂ ಮುಂಚೆ ಹೀಗೆಯೇ ಕಂಡಿತ್ತು. ಬರೀ ಒತ್ತಡ ಅಳೆದು ಕಳುಹಿಸಿದ್ದರೆ ಇವರೆಲ್ಲ ಆರೋಗ್ಯವಂತರೆಂದೇ ಮನೆಗೆ ಹೋಗುತ್ತಿದ್ದರು.

ಮುಂದೆ ಕೊರಿಯಾದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ಕಣ್ಣಿನ ಹಿಂಭಾಗದ ಫೋಟೋ ತೆಗೆದು ದೃಷ್ಟಿ ನರವನ್ನೇ ನೋಡಿದರು. ಕಾಯಿಲೆ ಇದ್ದ ಹತ್ತರಲ್ಲಿ ಒಂಬತ್ತು ಮಂದಿಗೆ ಅದು ಗೊತ್ತೇ ಇರಲಿಲ್ಲ. 1989ರಿಂದಲೇ ಎಲ್ಲರಿಗೂ ಆರೋಗ್ಯ ವಿಮೆ ಇರುವ ದೇಶದ ಮಾತಿದು. ಆಸ್ಪತ್ರೆ ಹತ್ತಿರವಿದ್ದರೆ ಸಾಲದು, ತೊಂದರೆಯಿಲ್ಲದಾಗಲೇ ಹೋಗಿ ತೋರಿಸಿಕೊಳ್ಳಬೇಕು. ಸಮೀಪದೃಷ್ಟಿಯೂ ಈ ಕಾಯಿಲೆಯ ಅಪಾಯ ಹೆಚ್ಚಿಸುತ್ತದೆ. ಸೋಲ್ ನಗರದಲ್ಲಿ 2010ರಲ್ಲಿ ಪರೀಕ್ಷಿಸಿದ 19ರ ಹುಡುಗರಲ್ಲಿ ನೂರಕ್ಕೆ 96 ಮಂದಿಗೆ ಸಮೀಪದೃಷ್ಟಿ ಇತ್ತು. ಅಲ್ಲಿನ ವೈದ್ಯರ ಚಿಂತೆ ಈಗ ಈ ತಲೆಮಾರಿನದು.

ಚಿಕಿತ್ಸೆ ಇದೆ. ಒತ್ತಡ ಸಹಜವಾಗಿದ್ದರೂ ಅದನ್ನು ಇನ್ನಷ್ಟು ಇಳಿಸಿದರೆ ನರದ ಹಾನಿ ನಿಧಾನವಾಗುತ್ತದೆ. ಅದಕ್ಕೆ ಕಣ್ಣಿಗೆ ಬಿಡುವ ಹನಿ, ಲೇಸರ್, ಬೇಕಾದರೆ ಶಸ್ತ್ರಚಿಕಿತ್ಸೆ. ಆದರೆ ಹನಿಯನ್ನು ದಿನವೂ, ವರ್ಷಗಟ್ಟಲೆ ಬಿಡಬೇಕು. ಬಿಟ್ಟರೆ ನೋಟ ಸುಧಾರಿಸಿದಂತೆ ಕಾಣುವುದಿಲ್ಲ, ನಿಲ್ಲಿಸಿದರೆ ಕೂಡಲೇ ಕೆಟ್ಟಂತೆಯೂ ಕಾಣುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ.

ಕೊರಿಯನ್ ಭಾಷೆಯಲ್ಲಿ ಪೊರೆಗೆ ‘ಪೆಂಗ್‌ನೇಜಾಂಗ್’, ಗ್ಲಾಕೋಮಾಕ್ಕೆ ‘ನೋಂಗ್‌ನೇಜಾಂಗ್’ ಎನ್ನುತ್ತಾರೆ. ಒಂದು ಬಿಳಿ ತಡೆ, ಇನ್ನೊಂದು ಹಸಿರು ತಡೆ. ಹೆಸರು ಅಕ್ಕತಂಗಿಯರಂತಿದ್ದರೂ ಪೊರೆ ತೆಗೆದರೆ ನೋಟ ಮರಳುತ್ತದೆ, ಗ್ಲಾಕೋಮಾ ಕಸಿದದ್ದು ಮರಳುವುದಿಲ್ಲ.

ತಮಿಳುನಾಡಿನ ಹಳ್ಳಿಗಳ ಸಮೀಕ್ಷೆಯಲ್ಲೂ ಕಾಯಿಲೆ ಇದ್ದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿಗೆ ಅದರ ಸುಳಿವಿರಲಿಲ್ಲ. ನಾವೂ ಅವರಿಗಿಂತ ದೂರದವರಲ್ಲ. ಆದ್ದರಿಂದ ನನ್ನ ಕೋರಿಕೆ ಇಷ್ಟೇ: ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇರುವವರು ಕನ್ನಡಕಕ್ಕೆಂದು ಹೋದಾಗ, “ಡಾಕ್ಟ್ರೇ, ಕಣ್ಣಿನ ನರವನ್ನೂ ಒಮ್ಮೆ ನೋಡಿ” ಎಂದು ಕೇಳಿ. ವಿದ್ಯಾರ್ಥಿಗಳೇ, ಅಜ್ಜ ಅಜ್ಜಿಗೆ ಹನಿ ಬರೆದುಕೊಟ್ಟಿದ್ದರೆ ದಿನವೂ ಹೊತ್ತಿಗೆ ಸರಿಯಾಗಿ ಬಿಡುವ ಕೆಲಸ ನಿಮ್ಮದಾಗಲಿ.