ಟೋಪಿ ತಿರುಗಿಸಿದರೆ ಕನ್ನಡ ಕೆಡುವುದಿಲ್ಲ!

(ಪುತ್ತೂರಿನ ರಾಜ್ಯೋತ್ಸವ ಸಭೆಯಲ್ಲಿ ಮುದ್ರಣಾಲಯದ ಮಾಲಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರೆಸ್ಸಿಗೆ ಸೇರಿದವನು. ಬೇರೆಯವರ ಮಾತನ್ನು ಅಚ್ಚು ಹಾಕುವುದೇ ನನ್ನ ಕಸುಬು. ಇವತ್ತು ಮಾತಾಡಲು ನಿಂತದ್ದೂ ಒಂದು ಅಚ್ಚಿನ ಕೆಲಸದಿಂದಲೇ.

ಈ ಕಾರ್ಯಕ್ರಮದ ಆಮಂತ್ರಣ ನನ್ನಲ್ಲೇ ಅಚ್ಚಾದದ್ದು. ಪ್ರೂಫ್ ನೋಡಲು ಬಂದ ಹಿರಿಯರೊಬ್ಬರು 'ಊರಿನ ಯುವಕರಿಂದ ಕನ್ನಡ ರ‍್ಯಾಪ್' ಎಂಬ ಸಾಲಿಗೆ ಕೆಂಪು ಗೀಟು ಎಳೆದರು. "ಇದೆಂಥದು ಮಾರಾಯಾ? ಟೋಪಿ ಹಿಂದುಮುಂದು, ಪ್ಯಾಂಟು ಜಾರುವ ಹಾಗೆ! ರಾಜ್ಯೋತ್ಸವವೋ, ಮಂಗನಾಟವೋ?" ಎಂದರು. ಸಂಜೆ ಹುಡುಗರು ಬಂದರು. "ಅಣ್ಣಾ, ನಾವು ಬರೆದದ್ದು ಕನ್ನಡದಲ್ಲೇ ಅಲ್ವಾ? ಮತ್ತೆ ಗೀಟು ಯಾಕೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಸಾಲನ್ನು ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ ಹಾಕಿ ಎರಡೂ ಕಡೆಯಿಂದ ತಪ್ಪಿಸಿಕೊಂಡೆ. ಅದು ಹೇಡಿತನ. ಅದಕ್ಕೇ ಇವತ್ತು ದಪ್ಪ ಅಕ್ಷರದಲ್ಲಿ ಹೇಳುತ್ತೇನೆ.

ಹಿಪ್ ಹಾಪ್ ಶ್ರೀಮಂತರ ಸೊತ್ತಲ್ಲ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡ ಬಡಾವಣೆಯಲ್ಲಿ, ತಂಗಿ ಏರ್ಪಡಿಸಿದ ಕೂಟವೊಂದರಲ್ಲಿ ಕೂಲ್ ಹರ್ಕ್ ಎಂಬ ಯುವಕ ಎರಡು ರೆಕಾರ್ಡ್ ತಟ್ಟೆ ತಿರುಗಿಸಿ ತಾಳದ ತುಣುಕನ್ನೇ ಮತ್ತೆ ಮತ್ತೆ ನುಡಿಸಿದ. ಆ ತಾಳಕ್ಕೆ ಬೀದಿಯ ಮಾತು ಸೇರಿತು. ಇವತ್ತು ಅಲ್ಲಿನ ಹಳಬರೂ ಗೊಣಗುತ್ತಾರೆ: ಈಗಿನವರ ಮಾತು ತಿಳಿಯುವುದಿಲ್ಲ, ಯಂತ್ರದಿಂದ ಸ್ವರ ತಿದ್ದುತ್ತಾರೆ ಎಂದು! ರ‍್ಯಾಪಿಗೂ ಅಜ್ಜಂದಿರು ಹುಟ್ಟಿದ್ದಾರೆ ಬಂಧುಗಳೇ.

ದೂರ ಯಾಕೆ, ನಮ್ಮ ಪುತ್ತೂರನ್ನೇ ನೋಡಿ. ಬಾಲವನದ ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದರು. ಮಾತನ್ನೇ ಕಡಿದು ಬ್ಯಾಲೆ ಮಾಡಿದರು. ಯಕ್ಷಗಾನ ಕೆಟ್ಟಿತೆಂದು ಸಿಟ್ಟಾದವರು ಕಡಿಮೆಯೇ? ಆದರೆ ಯಕ್ಷಗಾನ ಸತ್ತಿತೇ? ಅದೇ ಸ್ಯಾಕ್ಸೋಫೋನನ್ನು ಕದ್ರಿ ಗೋಪಾಲನಾಥರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದರು. ಇವತ್ತು ಅದಿಲ್ಲದ ಮದುವೆ ದಿಬ್ಬಣಕ್ಕೆ ಕಳೆಯೇ ಇಲ್ಲ!

ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರು, ಶೇಣಿ ಗೋಪಾಲಕೃಷ್ಣ ಭಟ್ಟರು ತಾಳಮದ್ದಳೆಯಲ್ಲಿ ಕೂತರೆ ಬರೆದ ಪಾಠವಿರಲಿಲ್ಲ. ಎದುರಿನ ಮಾತಿಗೆ ಆ ಕ್ಷಣದಲ್ಲೇ ಮರುಮಾತು. ಇಬ್ಬರು ರ‍್ಯಾಪಿನವರು ಎದುರುಬದುರು ನಿಂತು ಹೆಣೆಯುವುದೂ ಮರುಮಾತೇ. ಆ ಪಾಂಡಿತ್ಯ ಹುಡುಗರಿಗಿದೆ ಎನ್ನುತ್ತಿಲ್ಲ. ಹಸಿವು ಇದೆ.

ನಮ್ಮ ಮೂರು ತಾಲೂಕುಗಳಲ್ಲಿ ಮನೆಮಾತು ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ. ಮಕ್ಕಳ ಶಾಲೆ ಇಂಗ್ಲಿಷ್. ಮಾರ್ಕಿಗಾಗಿ ಅಲ್ಲದೆ, ತಾನಾಗಿ ಕನ್ನಡ ಬರೆಯುವ ಹುಡುಗರು ಎಷ್ಟು ಮಂದಿ? ಪ್ರಾಸಕ್ಕೆ ಪದ ಸಿಗದೆ ನನ್ನ ಪ್ರೆಸ್ಸಿನ ನಿಘಂಟು ಕೇಳಿಕೊಂಡು ಬಂದವರು ಇದೇ ಹುಡುಗರು! ಮೆಹಂದಿ ರಾತ್ರಿ ಪಂಜಾಬಿ ಹಾಡಿಗೆ ನಾವೇ ಕುಣಿಯುತ್ತೇವೆ. ಆಗ ಕೆಡದ ಸಂಸ್ಕೃತಿ ಕನ್ನಡ ರ‍್ಯಾಪಿಗೆ ಕೆಡುತ್ತದೆಯೇ?

ಹುಡುಗರೇ, ನಿಮಗೂ ಒಂದು ಮಾತು. 2020ರಲ್ಲಿ ಚಂದನ್ ಶೆಟ್ಟಿಯವರು ಮಲೆ ಮಹದೇಶ್ವರನ ಜನಪದ ಹಾಡನ್ನು ರ‍್ಯಾಪಿಗೆ ತಂದರು. ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ನೊಂದರು. ಕೊನೆಗೆ ಕ್ಷಮೆ ಕೇಳಿ ವಿಡಿಯೊ ತೆಗೆಯಬೇಕಾಯಿತು. ಇನ್ನೊಬ್ಬರ ನಂಬಿಕೆ ಮುಟ್ಟುವ ಮೊದಲು ಬಲ್ಲವರನ್ನು ಕೇಳಿ. ಹೆಣ್ಣನ್ನು ಹೀಗಳೆಯುವ, ಕುಡಿತ ಮೆರೆಸುವ ನಕಲು ನಮಗೆ ಬೇಡ. ಸುಳ್ಯದ ಅಡಿಕೆಯ ಹಳದಿ ರೋಗ, ಕಡಬದ ತೋಟಕ್ಕೆ ನುಗ್ಗುವ ಆನೆ, ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಡುವ ಗೆಳೆಯ – ಇವನ್ನು ಹಾಡಿ. ಅದು ಬೇರೆ ಯಾರಿಂದಲೂ ಆಗದು.

ನನ್ನ ಅಪ್ಪ ಅಚ್ಚುಮೊಳೆ ಜೋಡಿಸಿ ಬದುಕಿದವರು. ನಾನು ಕಂಪ್ಯೂಟರ್ ತಂದ ದಿನ "ಸೀಸ ಮುಟ್ಟದವನಿಗೆ ಅಕ್ಷರದ ಭಾರ ಏನು ಗೊತ್ತು?" ಎಂದು ಎದ್ದು ಹೋದರು. ಎರಡು ತಿಂಗಳು ಪ್ರೆಸ್ಸಿಗೆ ಕಾಲಿಡಲಿಲ್ಲ. ಆಮೇಲೆ ಒಂದು ದಿನ ತಾವಾಗಿ ಬಂದು ಪ್ರೂಫ್ ತಿದ್ದಲು ಕೂತರು. ನನ್ನ ಕಣ್ಣಿಗೆ ಬೀಳದ ಎಷ್ಟೋ ತಪ್ಪುಗಳು ಅವರಿಗೆ ಕಂಡವು. ಅವರು ಇರುವಷ್ಟು ದಿನ ನಮ್ಮ ಪ್ರೆಸ್ಸಿನ ಕನ್ನಡ ಶುದ್ಧವಾಗಿತ್ತು.

ಹಿರಿಯರೇ, ನಾನು ಕೇಳುವುದು ಇಷ್ಟೇ. ಹುಡುಗರ ಸಾಲನ್ನು ಹೊಡೆದು ಹಾಕಬೇಡಿ. ಕೂತು ತಿದ್ದಿ.

ಸಿರಿಗನ್ನಡಂ ಗೆಲ್ಗೆ!