ಮರಳಿ ಬಂದ ದಾರಿ
(ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಸೊಲ್ಲಾಪುರದಲ್ಲಿ ನಿಂತು ದೈವಶ್ರದ್ಧೆಯನ್ನು ಕುರಿತು ಮಾತನಾಡುವವನು ದೂರದ ದೃಷ್ಟಾಂತವನ್ನು ಅರಸಬೇಕಾಗಿಲ್ಲ. ನಮ್ಮ ಊರಿನ ನಡುವೆ ನೀರು ಸುತ್ತುವರಿದ ಗುಡಿಯಿದೆ. ಅಲ್ಲಿ ನೆಲಸಿರುವ ಸಿದ್ಧರಾಮೇಶ್ವರರ ಬಾಳೇ ನಮಗೆ ಪಾಠ.

ಹನ್ನೆರಡನೆಯ ಶತಮಾನದಲ್ಲಿ ಇದು ಸೊನ್ನಲಿಗೆ. ರಾಘವಾಂಕ ಕವಿಯು 'ಸಿದ್ಧರಾಮ ಚಾರಿತ್ರ'ದಲ್ಲಿ ವರ್ಣಿಸಿದ ಕಥೆ ತಮಗೆ ತಿಳಿದದ್ದೇ. ದನ ಕಾಯುವ ಬಾಲಕನೆಡೆಗೆ ಮಲ್ಲಯ್ಯನೆಂಬ ಜಂಗಮನು ಬಂದು ಉಣಲು ಬೇಡಿದನು. ಬಾಲಕನು ಮನೆಗೆ ಓಡಿ ಊಟ ತರುವಷ್ಟರಲ್ಲಿ ಜಂಗಮನು ಕಾಣದಾದನು. 'ಮಲ್ಲಯ್ಯಾ' ಎಂದು ಕೂಗುತ್ತ, ಯಾತ್ರಿಕರ ಜೊತೆಗೂಡಿ ಶ್ರೀಶೈಲದವರೆಗೂ ನಡೆದನು. ಅಲ್ಲಿ ಲಿಂಗವನ್ನು ಕಂಡನಲ್ಲದೆ ತನ್ನೊಡನೆ ಮಾತನಾಡಿದ ಮಲ್ಲಯ್ಯನನ್ನು ಕಾಣಲಿಲ್ಲ. ಹತಾಶನಾಗಿ ಕಮರಿಗೆ ಹಾರಹೊರಟಾಗ ದೇವನು ಅವನನ್ನು ಕೈಹಿಡಿದು ಉಳಿಸಿದನು.

ಇಲ್ಲಿಗೆ ನಾವು ಕಥೆಯನ್ನು ನಿಲ್ಲಿಸಿ ಕೈಮುಗಿಯುತ್ತೇವೆ. ಆದರೆ ತಿರುಳಿರುವುದು ಮುಂದೆ. ಬಾಲಕನು ಬಯಸಿದ್ದು ಮಲ್ಲಯ್ಯನ ಸನ್ನಿಧಿಯನ್ನು. ದೊರೆತದ್ದು ಊರಿಗೆ ಮರಳೆಂಬ ಅಪ್ಪಣೆ. ಅವನು ಮುನಿಯಲಿಲ್ಲ, ಮರಳಿದನು; ಗುಡಿ ಕಟ್ಟಿಸಿದನು, ಕೆರೆ ತೋಡಿಸಿದನು. ಆ ಕೆರೆಯ ಕೆಲಸದ ನಡುವೆಯೇ ಅಲ್ಲಮಪ್ರಭುಗಳು ಬಂದು ಮತ್ತೊಮ್ಮೆ ದಾರಿಯನ್ನು ತಿರುಗಿಸಿದರೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಊರೆಲ್ಲ ಗುರುವೆಂದು ಪೂಜಿಸುತ್ತಿದ್ದ ಸಿದ್ಧರಾಮರು ಕಲ್ಯಾಣಕ್ಕೆ ಹೋಗಿ, ಕಿರಿಯರಾದ ಚೆನ್ನಬಸವಣ್ಣನವರಿಂದ ದೀಕ್ಷೆ ಪಡೆದರು. ತೋಡಿದ ಕೆರೆ ವ್ಯರ್ಥವಾಯಿತೇ? ಇಲ್ಲ; ಅದರ ದಡದಲ್ಲಿಯೇ ಇಂದಿಗೂ ಸಂಕ್ರಾಂತಿಯ ಜಾತ್ರೆ ನೆರೆಯುತ್ತದೆ.

ನನ್ನ ಮನೆಯ ಮಾತೊಂದನ್ನು ಹೇಳಲು ಅಪ್ಪಣೆ ಕೊಡಬೇಕು. ನಾನು ಹತ್ತು ವರ್ಷದವನಿದ್ದಾಗ, ತಂದೆಯವರು ದುಡಿಯುತ್ತಿದ್ದ ಗಿರಣಿ ಮುಚ್ಚಿತು. ಎರಡು ತಿಂಗಳು ಅವರು ದಿನವೂ ಗುಡಿಗೆ ಹೋಗಿ, ಗಿರಣಿ ತೆರೆಯಲೆಂದು ಬೇಡಿಕೊಂಡರು. ಅದು ತೆರೆಯಲೇ ಇಲ್ಲ. ಒಂದು ಸಂಜೆ ನಮ್ಮವ್ವ, "ಗಿರಣಿ ಹೋತು ಖರೆ, ಸಿದ್ರಾಮಪ್ಪ ನಿಮ್ಮ ಕೈ ಏನು ಕಸಗೊಂಡಿಲ್ಲಲ್ಲ" ಎಂದಳು. ತಂದೆಯವರು ಉತ್ತರ ಕೊಡಲಿಲ್ಲ. ಮರುವಾರ ಬಾಡಿಗೆಯ ಮಗ್ಗದ ಮುಂದೆ ಕುಳಿತು ಚಾದರ ನೇಯತೊಡಗಿದರು. ಸಿರಿ ಬರಲಿಲ್ಲ, ಸಾಲವೂ ಬೇಗ ತೀರಲಿಲ್ಲ. ಆದರೆ ನನ್ನ ಕನ್ನಡ ಶಾಲೆ ತಪ್ಪಲಿಲ್ಲ. ಗುಡಿಗೆ ಹೋಗುವುದನ್ನೂ ಅವರು ಬಿಡಲಿಲ್ಲ. ಬೇಡಿಕೆ ಮಾತ್ರ ಬದಲಾಯಿತು.

ಬಂಧುಗಳೇ, 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮ ಹಿರಿಯರು ಬಯಸಿದ್ದು ಒಂದು, ಆದದ್ದು ಮತ್ತೊಂದು. ಗೆರೆ ನಮ್ಮ ಕೈಯಲ್ಲಿರಲಿಲ್ಲ. ಮನೆಯ ಮಾತು, ಮಕ್ಕಳ ಓದು ನಮ್ಮ ಕೈಯಲ್ಲಿದ್ದವು, ಇಂದೂ ಇವೆ. ನೆರೆಯವರ ಮರಾಠಿಯನ್ನು ಪ್ರೀತಿಯಿಂದ ಕಲಿಯೋಣ. ಮಕ್ಕಳಿಗೆ ಕನ್ನಡವನ್ನು ತಪ್ಪದೆ ಕಲಿಸೋಣ. ದೇವರನ್ನು ನಂಬುವುದೆಂದರೆ ಕೈಕಟ್ಟಿ ಕುಳಿತು ನಮ್ಮ ಬಯಕೆ ಈಡೇರುವುದನ್ನು ಕಾಯುವುದಲ್ಲ. ನ್ಯಾಯವಾದುದನ್ನು ಕೇಳುತ್ತಲೇ, ಅವನು ಮರಳಿಸಿದ ಊರಿನಲ್ಲಿ ಗುದ್ದಲಿ ಹಿಡಿಯುವುದು. ನೀರು ಯಾವಾಗ ತುಂಬುವುದೆಂಬುದನ್ನು ಅವನಿಗೆ ಬಿಡೋಣ. ಅಗೆಯುವ ಕೆಲಸ ನಮ್ಮದು.